ಯಾವ ನೀರಿಗೆ ಯಾವ ಲೈಫ್ ಜಾಕೆಟ್?

ಹೋದ ಡಿಸೆಂಬರ್‌ನಲ್ಲಿ ಬೆಂಗಳೂರಿನ ನೆಂಟರನ್ನು ಕರೆದುಕೊಂಡು ದೋಣಿಯಲ್ಲಿ ಸುತ್ತಾಡಲು ಹೋಗಿದ್ದೆ. ಊರಿನ ಹೆಸರು ಬೇಡ ಬಿಡಿ. ದಡದಲ್ಲಿದ್ದ ಹುಡುಗ ರಾಶಿಯಿಂದ ಒಂದೊಂದೇ ಜಾಕೆಟ್ ಎತ್ತಿ ನಮ್ಮ ಕಡೆ ಎಸೆದ. ನನಗೆ ಸಿಕ್ಕಿದ್ದರಲ್ಲಿ ಮೂರು ಬಕಲ್ ಇರಬೇಕಿತ್ತು. ಒಂದು ಮುರಿದಿತ್ತು. ಇನ್ನೊಂದು ಇರಲೇ ಇಲ್ಲ, ಅದರ ಜಾಗದಲ್ಲಿ ಬಲೆಯ ಹಗ್ಗದ ತುಂಡು ಕಟ್ಟಿದ್ದರು. ಒಳಗಿನ ಫೋಮನ್ನು ಹಿಚುಕಿದರೆ ಹಳೇ ದಿಂಬಿನ ಹಾಗೆ ಅಲ್ಲೇ ಕೂತುಬಿಡುತ್ತಿತ್ತು. ಆರು ವರ್ಷದ ಹುಡುಗಿಗೂ ಅದೇ ಅಳತೆ. ಅವಳ ಮೊಣಕಾಲಿನವರೆಗೂ ಬಂತು. ಕೇಳಿದ್ದಕ್ಕೆ ಆ ಹುಡುಗ, "ಫೋಟೋ ಹೊಡ್ಕೊಳ್ಳಿ ಸಾರ್, ಚೆನ್ನಾಗಿ ಕಾಣುತ್ತೆ" ಅಂದ.

ಮನೆಗೆ ಬಂದ ಮೇಲೆ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಭಾವ ಗಂಗೊಳ್ಳಿ ಕಡೆ ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ಅವರ ಹತ್ತಿರ ಒಂದು ಜಾಕೆಟ್ ಇತ್ತು. ಕಯಾಕಿಂಗ್ ಮಾಡುವ ಸ್ನೇಹಿತನಿಂದ ಒಂದು, ಹಡಗಿನಲ್ಲಿ ಕೆಲಸ ಮಾಡುವ ಪರಿಚಯದವರಿಂದ ಗಾಳಿ ತುಂಬಿಕೊಳ್ಳುವಂಥದ್ದು ಒಂದು ತಂದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕಿತ್ತಳೆ ಬಣ್ಣದ್ದನ್ನು ದುಡ್ಡು ಕೊಟ್ಟೇ ತಂದೆ. ಒಂದು ಭಾನುವಾರ ಬೆಳಿಗ್ಗೆ ಪಂಚಗಂಗಾವಳಿ ಹೊಳೆಯಲ್ಲಿ ಎದೆಮಟ್ಟ ನೀರಿಗೆ ಇಳಿದು ಒಂದೊಂದನ್ನೇ ಹಾಕಿ ನೋಡಿದೆವು. ಮುಂದೆ ಹೇಳುವುದೆಲ್ಲ ಆ ಬೆಳಗ್ಗೆ ಕಂಡದ್ದು, ಮತ್ತು ಆಮೇಲೆ ಲೇಬಲ್‌ಗಳನ್ನು ಓದಿ ತಿಳಿದದ್ದು.

ಮೊದಲು ಒಂದು ಅಂಕಿ

ಬಣ್ಣ, ಬ್ರ್ಯಾಂಡ್, ಜೇಬು ಎಲ್ಲ ಆಮೇಲೆ. ಜಾಕೆಟ್ಟಿನ ಒಳಗಡೆ ಹೊಲಿದಿರುವ ಲೇಬಲ್‌ನಲ್ಲಿ 50, 100, 150, 275 ಇವುಗಳಲ್ಲಿ ಒಂದು ಅಂಕಿ, ಪಕ್ಕದಲ್ಲಿ ಎನ್ ಅಥವಾ ನ್ಯೂಟನ್ ಅಂತ ಇದೆಯಾ ನೋಡಿ. ಅದು ತೇಲಿಸುವ ಬಲದ ಅಳತೆ. ಹತ್ತು ನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕೆಜಿ ಅಂತ ಇಟ್ಟುಕೊಳ್ಳಿ. 50 ನ್ಯೂಟನ್‌ನದು ಐದು ಕೆಜಿಯಷ್ಟು ಎತ್ತಿ ಹಿಡಿಯುತ್ತದೆ.

"ಎಪ್ಪತ್ತು ಕೆಜಿ ಮನುಷ್ಯನಿಗೆ ಐದು ಕೆಜಿ ಎಲ್ಲಿ ಸಾಕು?" ಅಂತ ಅನ್ನಿಸಬಹುದು. ಸಾಕು. ನಮ್ಮ ಮೈಯಲ್ಲಿ ಬಹುಪಾಲು ನೀರೇ ಇರುವುದರಿಂದ ನೀರಿನೊಳಗೆ ನಾವು ಅಷ್ಟೇನೂ ತೂಗುವುದಿಲ್ಲ. ದೊಡ್ಡವರೊಬ್ಬರ ತಲೆ ನೀರಿನ ಮೇಲೆ ನಿಲ್ಲಲು ಮೂರರಿಂದ ಐದೂವರೆ ಕೆಜಿಯಷ್ಟು ಹೆಚ್ಚುವರಿ ಬಲ ಸಿಕ್ಕಿದರೆ ಆಯಿತು. ಇನ್ನೊಂದು ತಮಾಷೆ ಏನೆಂದರೆ, ಕೊಬ್ಬು ತೇಲುತ್ತದೆ, ಮಾಂಸಖಂಡ ಮುಳುಗುತ್ತದೆ. ಹೊಟ್ಟೆ ಇರುವವರಿಗಿಂತ ಜಿಮ್ಮಿಗೆ ಹೋಗಿ ಮೈ ಕಟ್ಟಿದವರಿಗೇ ಜಾಕೆಟ್ ಜಾಸ್ತಿ ಕೆಲಸ ಮಾಡಬೇಕಾಗುತ್ತದೆ. ದಪ್ಪ ಇರುವವರು ನೋಡಬೇಕಾದ್ದು ಎದೆಸುತ್ತಿನ ಅಳತೆ, ಬೆಲ್ಟ್ ಸಾಕಷ್ಟು ಉದ್ದ ಬರುತ್ತದಾ ಅಂತ.

ಈ ಅಂಕಿಗಳ ಹಿಂದೆ ಐಎಸ್‌ಒ 12402 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ 50 ಅಂದರೆ ಈಜು ಬರುವವರಿಗೆ, ಹತ್ತಿರದಲ್ಲೇ ಸಹಾಯ ಇರುವ ಕಡೆಗೆ. 100 ಅಂದರೆ ಈಜು ಬಾರದವರೂ ಹಾಕಬಹುದು, ಆದರೆ ಅಲೆ ಜೋರಿಲ್ಲದ ನೀರಿನಲ್ಲಿ. 150 ಕಡಲಿಗೆ, ಕೆಟ್ಟ ಹವಾಮಾನಕ್ಕೆ. 275 ಆಳಸಮುದ್ರದಲ್ಲಿ ದಪ್ಪ ಬಟ್ಟೆ, ಭಾರದ ಸಾಮಾನು ಹೊತ್ತು ದುಡಿಯುವವರಿಗೆ. ಅದು ನಮ್ಮ ನಿಮ್ಮ ಕೆಲಸಕ್ಕೆ ಬರುವಂಥದ್ದಲ್ಲ. ಮಕ್ಕಳ ಜಾಕೆಟ್ಟಿನಲ್ಲಿ ಅಂಕಿ ಇದಕ್ಕಿಂತ ಕಡಿಮೆ ಇದ್ದರೆ ಗಾಬರಿ ಬೇಡ. ಅಲ್ಲಿ ಮಗುವಿನ ತೂಕಕ್ಕೆ ತಕ್ಕಂತೆ ಲೆಕ್ಕ ಇಳಿಯುತ್ತದೆ.

ಲೇಬಲ್ಲೇ ಇಲ್ಲದ ಜಾಕೆಟ್? ವಾಪಸ್ ಇಡಿ. ನಾನು ದುಡ್ಡು ಕೊಟ್ಟು ತಂದದ್ದರಲ್ಲಿ "ಫ್ರೀ ಸೈಜ್" ಅಂತ ಒಂದು ಚೀಟಿ ಬಿಟ್ಟರೆ ಬೇರೇನೂ ಇರಲಿಲ್ಲ.

ಬೋರಲು ಬಿದ್ದರೆ ತಿರುಗಿಸುತ್ತದಾ?

ಹೊಳೆಯಲ್ಲಿ ನಾವು ಮಾಡಿದ ಪರೀಕ್ಷೆ ಇಷ್ಟೇ. ಜಾಕೆಟ್ ಹಾಕಿಕೊಂಡು, ಉಸಿರು ಬಿಗಿಹಿಡಿದು, ಪ್ರಜ್ಞೆ ತಪ್ಪಿದವರ ಹಾಗೆ ಮುಖ ಕೆಳಗೆ ಮಾಡಿ ಕೈಕಾಲು ಸಡಿಲ ಬಿಡುವುದು. ಪಕ್ಕದಲ್ಲಿ ಭಾವ ನಿಂತಿದ್ದರು. ನೀವೂ ಒಬ್ಬರೇ ಇದನ್ನು ಮಾಡಲು ಹೋಗಬೇಡಿ.

ಕಯಾಕಿಂಗ್ ಜಾಕೆಟ್ 50 ನ್ಯೂಟನ್‌ನದು. ಮೈಗೆ ಬನಿಯನ್ ಹಾಗೆ ಕೂತಿತ್ತು, ತೋಳು ಆಡಿಸಲು ಯಾವ ತಡೆಯೂ ಇಲ್ಲ. ತೇಲಿಸಿತು ಕೂಡ. ಆದರೆ ಬೋರಲು ಮಲಗಿದವನನ್ನು ಬೋರಲಾಗಿಯೇ ಇಟ್ಟಿತು. ಎಷ್ಟು ಹೊತ್ತು ಕಾದರೂ ಅಷ್ಟೇ. ನಾನೇ ಕೈ ಬೀಸಿ ತಿರುಗಬೇಕಾಯಿತು.

ಭಾವನ ಜಾಕೆಟ್ ಹಳೇ ಮಾದರಿಯದು. ಎದೆಯ ಎರಡೂ ಕಡೆ ದಪ್ಪ ಫೋಮು, ಕತ್ತಿನ ಹಿಂದೆ ದಿಂಬಿನಂಥ ಕಾಲರ್, ಬೆನ್ನಿಗೆ ಹೆಚ್ಚೇನೂ ಇಲ್ಲ. ಹಾಕಿಕೊಂಡರೆ ಕೊರಳಿಗೆ ಇಟ್ಟಿಗೆ ಕಟ್ಟಿಕೊಂಡ ಹಾಗೆ. ಆದರೆ ಮುಖ ಕೆಳಗೆ ಮಾಡಿದ ಕೂಡಲೇ ಎಡಕ್ಕೆ ವಾಲಿಸಿ ಅಂಗಾತ ಮಾಡಿಬಿಟ್ಟಿತು. ಕಾಲರ್ ತಲೆಯನ್ನು ಹಿಡಿದುಕೊಂಡಿತು. ಗುಟ್ಟೆಲ್ಲ ಅದರ ಆಕಾರದಲ್ಲೇ ಇದೆ. ಎದುರುಗಡೆ ಜಾಸ್ತಿ, ಹಿಂದೆ ಕಡಿಮೆ. ಮುಂದಿನ ಫೋಮು ಮೇಲೆ ಬರಲು ಒದ್ದಾಡುತ್ತದೆ, ಮನುಷ್ಯನನ್ನೂ ತಿರುಗಿಸುತ್ತದೆ.

ಕಿತ್ತಳೆ ಬಣ್ಣದ ಕಡಿಮೆ ಬೆಲೆಯದು ನಮ್ಮನ್ನು ನಗಿಸಿತು. ನೀರಿಗೆ ಇಳಿದ ಕೂಡಲೇ ಜಾಕೆಟ್ ಮಾತ್ರ ಮೇಲೆ ಹೋಯಿತು, ನಾನು ಕೆಳಗೇ ಉಳಿದೆ. ಬಕಲ್ ಹಾಕಿದ್ದರೂ ಬೆಲ್ಟ್ ಜಾರಿ ಉದ್ದವಾಗಿತ್ತು. ಜಾಕೆಟ್ಟಿನ ತೋಳಿನ ಸಂದಿಯಿಂದ ಲೋಕ ನೋಡುತ್ತಿದ್ದೆ. ಭಾವ ಅಂತೂ ಬಿದ್ದು ಬಿದ್ದು ನಕ್ಕರು.

ಗಾಳಿಯದು ಬೇರೆಯೇ ಕಥೆ. ಒಣಗಿದ್ದಾಗ ಅದು ಕೊರಳಿಗೆ ಹಾಕುವ ಅಂಗೈ ಅಗಲದ ಪಟ್ಟಿ, ಅಷ್ಟೇ. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್ ಇರುತ್ತದೆ. 150 ನ್ಯೂಟನ್‌ಗೆ ಸಾಮಾನ್ಯವಾಗಿ 33 ಗ್ರಾಮಿನದು. ನೀರಿಗೆ ಇಳಿದೆ. ಎರಡು ಮೂರು ಸೆಕೆಂಡ್ ಏನೂ ಆಗಲಿಲ್ಲ. ಎದೆ ಧಸಕ್ ಅಂತು. ಅಷ್ಟರಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು, ಕಿವಿಯ ಎರಡೂ ಕಡೆ ಹಳದಿ ಚೀಲ ಉಬ್ಬಿ ನಿಂತಿತು. ನಾಲ್ಕರಲ್ಲಿ ಬಾಯನ್ನು ನೀರಿನಿಂದ ಅತಿ ಎತ್ತರದಲ್ಲಿ ಇಟ್ಟದ್ದು ಇದೇ.

ಹಾಗಾದರೆ ಗಾಳಿಯದನ್ನೇ ತಗೊಂಡರೆ ಆಯಿತಲ್ಲ?

ನಾನೂ ಹಾಗೇ ಅಂದುಕೊಂಡೆ. ಆಮೇಲೆ ಒಂದೊಂದೇ ತೊಡಕು ಕಾಣಿಸಿತು.

ಒಂದು ಸಲ ಉಬ್ಬಿದ ಮೇಲೆ ಸಿಲಿಂಡರ್ ಖಾಲಿ. ಹೊಸ ಸಿಲಿಂಡರ್ ತಿರುಪಬೇಕು. ತಾನಾಗಿಯೇ ಉಬ್ಬುವ ಮಾದರಿಯಲ್ಲಿ ನೀರಿಗೆ ಕರಗುವ ಒಂದು ಬಿಲ್ಲೆ ಇರುತ್ತದೆ, ಅದನ್ನೂ ಬದಲಿಸಬೇಕು. ಬಳಸದೇ ಇಟ್ಟರೂ ಆ ಬಿಲ್ಲೆಗೆ ಅವಧಿ ಇದೆ, ಮೇಲೆ ತಾರೀಖು ಹಾಕಿರುತ್ತಾರೆ. ಜಾಕೆಟ್ ಕೊಳ್ಳುವ ದಿನವೇ ಈ ಬದಲಿ ಕಿಟ್ ಸಿಗುತ್ತದಾ, ಎಷ್ಟಾಗುತ್ತದೆ ಅಂತ ಕೇಳಿ. ಕಿಟ್ ಸಿಗದ ಗಾಳಿ ಜಾಕೆಟ್, ಕಾಡತೂಸು ಇಲ್ಲದ ಕೋವಿ.

ಕರಗುವ ಬಿಲ್ಲೆಗೂ ನಮ್ಮ ಕರಾವಳಿಯ ಮಳೆಗಾಲಕ್ಕೂ ಆಗಿಬರುವುದಿಲ್ಲ. ಜೂನ್‌ನಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಇನ್ನು ಈ ಬಿಲ್ಲೆ ಎಷ್ಟರದು? ಸುಮ್ನೆ ತೂಗುಹಾಕಿದ ಜಾಕೆಟ್ ನಡುರಾತ್ರಿ ಢಂ ಅಂದರೆ ಆಶ್ಚರ್ಯ ಇಲ್ಲ. ನೀರಿನ ಒತ್ತಡದಿಂದ ಮಾತ್ರ ತೆರೆದುಕೊಳ್ಳುವ ಇನ್ನೊಂದು ಮಾದರಿ ಇದೆ. ಅದು ಮಳೆಗೆ, ತುಂತುರಿಗೆ ಉಬ್ಬುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಕೈಯಿಂದ ದಾರ ಎಳೆದರೆ ಉಬ್ಬುವುದು ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ತಲೆಗೆ ಪೆಟ್ಟಾಗಿ ಬಿದ್ದವನು ದಾರ ಎಳೆಯುವುದು ಹೇಗೆ? ಎಲ್ಲದರಲ್ಲೂ ಬಾಯಿಂದ ಊದುವ ಒಂದು ಕೊಳವೆ ಇದ್ದೇ ಇರುತ್ತದೆ, ಅದು ಕೊನೆಯ ದಾರಿ.

ಮಕ್ಕಳಿಗೆ, ಈಜು ಬಾರದವರಿಗೆ ಇದನ್ನು ನಾನು ಹೇಳುವುದಿಲ್ಲ. ರಾಫ್ಟಿಂಗಿಗಂತೂ ಬೇಡವೇ ಬೇಡ. ದಾಂಡೇಲಿಯ ಕಾಳಿ ನದಿಯಲ್ಲಿ, ಕೊಡಗಿನ ಬರಪೊಳೆಯಲ್ಲಿ ಬಂಡೆಗೆ ತಾಗಿ ಚೀಲ ಹರಿದರೆ ಕಥೆ ಮುಗಿಯಿತು. ಮೊದಲ ಅಲೆಯೇ ಮೈಮೇಲೆ ಬಿದ್ದು ಉಬ್ಬಿಸಿಬಿಡುತ್ತದೆ, ಆಮೇಲೆ ಹುಟ್ಟು ಹಾಕಲೂ ಆಗುವುದಿಲ್ಲ.

ಮುಚ್ಚಿದ ಕ್ಯಾಬಿನ್ ಇರುವ ಬೋಟಿನಲ್ಲೂ ಎಚ್ಚರ ಬೇಕು. ಒಳಗೆ ನೀರು ನುಗ್ಗಿದಾಗ ಉಬ್ಬಿದ ಜಾಕೆಟ್ ನಿಮ್ಮನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ, ಬಾಗಿಲವರೆಗೆ ಮುಳುಗಿ ಹೋಗಲು ಬಿಡುವುದಿಲ್ಲ. 1996ರಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನ ಕೊಮೊರೊಸ್ ದ್ವೀಪಗಳ ಬಳಿ ಸಮುದ್ರಕ್ಕೆ ಬಿದ್ದಾಗ ಒಳಗೇ ಜಾಕೆಟ್ ಊದಿಸಿಕೊಂಡಿದ್ದ ಎಷ್ಟೋ ಜನ ಹೊರಗೆ ಬರಲಾಗದೆ ಸತ್ತರು. ವಿಮಾನದಲ್ಲಿ ಗಗನಸಖಿ "ಹೊರಗೆ ಹೋಗುವಾಗ ಮಾತ್ರ ಊದಿಸಿ" ಅನ್ನುವುದು ಅದಕ್ಕೇ. ಫೋಮ್ ಜಾಕೆಟ್ಟಿಗೂ ಇದೇ ಮಾತು. ಹಾಗಾಗಿ ಜಾಕೆಟ್ ಹಾಕಿಕೊಂಡವರು ಆದಷ್ಟು ತೆರೆದ ಕಡೆ ಕೂರುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದರೂ ಗಾಳಿಯ ಜಾಕೆಟ್ಟಿಗೆ ಒಂದು ಜಾಗ ಇದೆ. ಅದು ಮೀನುಗಾರರದ್ದು. ಫೋಮಿನದು ಯಾಕೆ ಹಾಕುವುದಿಲ್ಲ ಅಂತ ಭಾವನನ್ನು ಕೇಳಿದ್ದಕ್ಕೆ, "ಅದ್ ಹಾಯ್ಕಂಡ್ ಬಲಿ ಎಳುಕ್ ಆತ್ತಾ ಮಾರಾಯ?" ಅಂದರು. ಸುಳ್ಳಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅದರೊಳಗೆ ಮೈ ಬೇಯುತ್ತದೆ. ಬಲೆ ಎಳೆಯುವಾಗ ಎದೆಯ ಬಕಲ್ಲಿಗೆ ಬಲೆಯ ಕಣ್ಣು ಸಿಕ್ಕಿಕೊಂಡರೆ ಬಲೆಯ ಜೊತೆ ಮನುಷ್ಯನೂ ಹೋಗುತ್ತಾನೆ. ಹಾಗಾಗಿ ಅವರಿಗೆ ಮೈಗೆ ಅಂಟಿಕೊಂಡಿರುವ, ಎದುರಿಗೆ ಏನೂ ಜೋತುಬೀಳದ ಗಾಳಿ ಜಾಕೆಟ್ಟೋ ಸೊಂಟಕ್ಕೆ ಕಟ್ಟುವ ಪಟ್ಟಿಯ ಮಾದರಿಯೋ ಸರಿ. ಸೊಂಟದ್ದರಲ್ಲಿ ಒಂದು ಕೊರತೆ ಇದೆ. ಉಬ್ಬಿದ ಮೇಲೆ ತಲೆಗೆ ತೂರಿಸಿಕೊಳ್ಳಬೇಕು, ಅದಕ್ಕೆ ಎಚ್ಚರ ಇರಬೇಕು.

ಮಕ್ಕಳದ್ದು

ನಮ್ಮಲ್ಲಿ ಮಕ್ಕಳಿಗೆ ಏನು ತಂದರೂ ಒಂದು ಸೈಜ್ ದೊಡ್ಡದು ತರುವ ಅಭ್ಯಾಸ. ಯೂನಿಫಾರ್ಮು, ಚಪ್ಪಲಿ, ರೇನ್‌ಕೋಟು ಎಲ್ಲ "ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗುತ್ತೆ". ಲೈಫ್ ಜಾಕೆಟ್ಟಿನಲ್ಲಿ ಮಾತ್ರ ಇದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ದೊಡ್ಡ ಜಾಕೆಟ್ಟಿನಿಂದ ಮಗು ಕೆಳಗೆ ಜಾರಿ ಹೋಗುತ್ತದೆ, ನನಗೆ ಹೊಳೆಯಲ್ಲಿ ಆದ ಹಾಗೆ.

ಮಕ್ಕಳದನ್ನು ವಯಸ್ಸು ನೋಡಿ ಕೊಳ್ಳಬೇಡಿ, ತೂಕ ನೋಡಿ ಕೊಳ್ಳಿ. ಸೋಲಾಸ್ ಅನ್ನುವ, ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮದಲ್ಲಿ 15 ಕೆಜಿಗಿಂತ ಕಡಿಮೆ ಇದ್ದರೆ ಶಿಶು, 15ರಿಂದ 43 ಕೆಜಿಯೊಳಗೆ ಮಗು, ಅದರ ಮೇಲೆ ದೊಡ್ಡವರು. ಅಂಗಡಿಯ ಜಾಕೆಟ್ಟುಗಳಲ್ಲಿ ಇನ್ನೂ ಸಣ್ಣ ಸಣ್ಣ ಮೆಟ್ಟಿಲು ಇರುತ್ತವೆ. ಹಾಕಿಸಿದ ಮೇಲೆ ಬೆಲ್ಟ್‌ಗಳನ್ನೆಲ್ಲ ಬಿಗಿದು, ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿಯವರೆಗೆ ಬಂತೋ, ಅದು ಆ ಮಗುವಿನ ಜಾಕೆಟ್ ಅಲ್ಲ.

ಪುಟ್ಟ ಮಕ್ಕಳದರಲ್ಲಿ ಮೂರು ಸಂಗತಿ ಬೇಕೇ ಬೇಕು: ಕಾಲ ಸಂದಿನಲ್ಲಿ ಹಾಯುವ ಬೆಲ್ಟ್, ತಲೆಗೆ ಆಸರೆಯಾಗುವ ಕಾಲರ್, ಕಾಲರಿನ ಹಿಂದೆ ಹಿಡಿದು ಎತ್ತಲು ಒಂದು ಹಿಡಿಕೆ. ಆ ಹಿಡಿಕೆಯ ಬೆಲೆ ದೋಣಿಯಿಂದ ಬಗ್ಗಿ ಒದ್ದೆ ಮಗುವನ್ನು ಎತ್ತಿದವರಿಗೇ ಗೊತ್ತು.

ತೋಳಿಗೆ ಹಾಕುವ ಗಾಳಿಯ ಪಟ್ಟಿ, ಬಾತುಕೋಳಿ ಟ್ಯೂಬು ಇವೆಲ್ಲ ಆಟದ ಸಾಮಾನು. ಟ್ಯೂಬಿನಲ್ಲಿ ಕೂತ ಮಗು ಮಗುಚಿಕೊಂಡರೆ ತಲೆ ಕೆಳಗೆ, ಕಾಲು ಮೇಲೆ. ನಮ್ಮ ಕಾಲದಲ್ಲಿ ಬಾವಿಯಲ್ಲಿ ಈಜು ಕಲಿಯುವಾಗ ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಕತ್ತಾಳೆ ದಿಂಡಿನ ಬೆಂಡನ್ನೋ ಕಟ್ಟುತ್ತಿದ್ದರು. ಅವುಗಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಬೆನ್ನಿಗೆ ಕಟ್ಟಿದ ಬೆಂಡು ಮುಖವನ್ನು ನೀರಿನ ಕಡೆಗೇ ತಿರುಗಿಸುತ್ತದೆ. ಈಜು ಕಲಿಯಲು ಅದೇ ಬೇಕು, ಜೀವ ಉಳಿಸಲು ಅದು ಉಲ್ಟಾ.

ಸೀರೆ ಉಟ್ಟವರಿಗೆ

ಜಾಕೆಟ್ ತಯಾರಿಸುವವರು ಸೀರೆಯನ್ನು ನೆನಪಿಗೇ ತಂದುಕೊಂಡಿಲ್ಲ. ಕಾಲ ಸಂದಿನ ಬೆಲ್ಟ್ ಹಾಕುವಂತಿಲ್ಲ, ಸೊಂಟದ ನೆರಿಗೆಯ ಮೇಲೆ ಬಕಲ್ ಕೂರುವುದಿಲ್ಲ. ಸೆರಗನ್ನು ಜಾಕೆಟ್ಟಿನ ಒಳಗೆ ಹಾಕಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ. ಬೆಲ್ಟ್ ನೆರಿಗೆಯಿಂದ ಮೇಲೆ, ಪಕ್ಕೆಲುಬಿನ ಮೇಲೆ ಕೂರಲಿ. ಸೊಂಟದ ಬೆಲ್ಟಿಗಿಂತ ಎದೆಯ ಕೆಳಗೆ ಬಿಗಿಯುವ ಎರಡು ಬೆಲ್ಟಿನದು ಇವರಿಗೆ ಒಳ್ಳೆಯದು. ದುಪಟ್ಟಾವನ್ನು ಬ್ಯಾಗಿಗೆ ಹಾಕಿಬಿಡಿ. ಜಾತ್ರೆ, ದೇವಸ್ಥಾನಕ್ಕೆ ಅಂತ ದೋಣಿ ಹತ್ತುವವರೆಲ್ಲ ಹೀಗೇ ಉಟ್ಟುಕೊಂಡಿರುತ್ತಾರೆ ಅಲ್ವಾ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಹೋದರು. ಸತ್ತವರಲ್ಲಿ ಮಕ್ಕಳೂ ಇದ್ದರು.

ಯಾವ ನೀರಿಗೆ ಯಾವುದು

ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ನಡೆಸುತ್ತೀರಾ? ಈಜು ಬರುತ್ತದಾ? 50ರ ಚಿಕ್ಕ ಜಾಕೆಟ್ ಸಾಕು. ತೋಳಿನ ಕಡೆ ಅಗಲ ಇರುವುದನ್ನು ಆರಿಸಿ, ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಕಂಕುಳು ಉಜ್ಜಿ ಕೆಂಪಾಗುತ್ತದೆ. ಈಜು ಬರದಿದ್ದರೆ ಕಾಲರ್ ಇರುವ 100.

ಹಂಪಿಯಲ್ಲಿ ಹರಿಗೋಲು, ತಲಕಾಡಿನಲ್ಲಿ ತೆಪ್ಪ ಹತ್ತುವವರು, ಹಿನ್ನೀರಿನಲ್ಲಿ ಲಾಂಚ್ ಹತ್ತುವವರು, ಇವರಿಗೆಲ್ಲ 100ರ ಫೋಮ್. ನೀರು ನಿಂತ ಹಾಗೆ ಕಂಡರೂ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿ ಮುಳುಗಿದ ಮರದ ಬೊಡ್ಡೆಗಳಿರುತ್ತವೆ. ಹರಿಗೋಲಿನಲ್ಲಿ ಗರಗರ ತಿರುಗಿಸುವ ಚೇಷ್ಟೆ ಬೇರೆ.

ರಾಫ್ಟಿಂಗಿಗೆ ಫೋಮಿನದೇ, ಜೊತೆಗೆ ಹೆಲ್ಮೆಟ್. ಕಾಳಿಯಲ್ಲಿ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರು ಬಂಡೆಗೆ ಬಡಿದು ನೊರೆಯಾಗಿರುತ್ತದೆ. ನೊರೆಯಲ್ಲಿ ಗಾಳಿ ಜಾಸ್ತಿ, ತೇಲುವುದು ಕಡಿಮೆ. ಶಾಂತ ನೀರಿನಲ್ಲಿ ಸಾಕಾಗುವ ಜಾಕೆಟ್ ಅಲ್ಲಿ ಸಾಲದು. ಗೈಡ್ ಬಂದು ಬೆಲ್ಟ್ ಬಿಗಿದರೆ "ಉಸಿರು ಕಟ್ಟುತ್ತೆ" ಅಂತ ಹಿಂದಿನಿಂದ ಸಡಿಲ ಮಾಡಿಕೊಳ್ಳಬೇಡಿ. ನೀರಿನಿಂದ ನಿಮ್ಮನ್ನು ಎಳೆದುಕೊಳ್ಳುವಾಗ ಅವನು ಹಿಡಿಯುವುದು ಜಾಕೆಟ್ಟಿನ ಹೆಗಲನ್ನೇ.

ಮಲ್ಪೆಯಂಥ ಕಡೆ ಬನಾನಾ ಬೋಟ್, ಜೆಟ್ ಸ್ಕೀಗೆ ನಾಲ್ಕು ಬೆಲ್ಟಿನ ಫೋಮ್ ಒಳ್ಳೆಯದು. ಜಿಪ್ ಒಂದನ್ನೇ ನಂಬಬೇಡಿ. ವೇಗದಲ್ಲಿ ನೀರಿಗೆ ಬಿದ್ದಾಗ ಅದು ಕಿತ್ತುಕೊಂಡು ಹೋಗುತ್ತದೆ.

ಅಳಿವೆ ದಾಟಿ ಕಡಲಿಗೆ ಹೋಗುವವರಿಗೆ 150. ಅದರ ಮೇಲೆ ಸೀಟಿ, ದೀಪ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ. ಬಣ್ಣದ ಮಾತು ಇಲ್ಲಿ ಬರುತ್ತದೆ. ಕಿತ್ತಳೆ, ಹಳದಿ, ಗಿಣಿಹಸಿರಿನಂಥ ಕಣ್ಣು ಕುಕ್ಕುವ ಬಣ್ಣ ಆರಿಸಿ. ಕಡುನೀಲಿ ಜಾಕೆಟ್ ಅಂಗಡಿಯಲ್ಲಿ ಚೆಂದ. ಅಲೆಗಳ ನಡುವೆ ನೀಲಿ ಹಾಕಿದ ಮನುಷ್ಯ ಸ್ವಲ್ಪ ದೂರಕ್ಕೇ ಕಾಣೆಯಾಗುತ್ತಾನೆ. ಮೊಬೈಲ್ ಸಿಗ್ನಲ್ ಇರುವಷ್ಟು ದೂರದಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆ ನೆನಪಿರಲಿ.

ಎಸೆಯುವುದು

ದೋಣಿಯಲ್ಲಿ ಒಂದು ಲೈಫ್‌ಬಾಯ್ ಇರಬೇಕು. ಸೋಪಲ್ಲ, ಬಿಳಿ-ಕಿತ್ತಳೆ ಬಳೆ. ಹಡಗಿನ ನಿಯಮದ ಪ್ರಕಾರ ಅದು ಎರಡೂವರೆ ಕೆಜಿಗೆ ಕಡಿಮೆ ಇರಬಾರದು, ಹದಿನಾಲ್ಕೂವರೆ ಕೆಜಿ ಕಬ್ಬಿಣವನ್ನು ಸಿಹಿನೀರಿನಲ್ಲಿ ಇಡೀ ದಿನ ಹೊರಬೇಕು. ಸಣ್ಣ ದೋಣಿಗೆ ಅದು ದೊಡ್ಡದಾಯಿತು ಅನ್ನಿಸಿದರೆ ತೇಲುವ ಹಗ್ಗ ತುಂಬಿದ ಚೀಲ ಇಟ್ಟುಕೊಳ್ಳಿ. ಹಗ್ಗದ ತುದಿ ನಿಮ್ಮ ಕೈಯಲ್ಲಿ, ಚೀಲ ಬಿದ್ದವನ ಕಡೆಗೆ. ಅದೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಇಪ್ಪತ್ತು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿಡಿ, ನಮ್ಮ ಕಡೆ ಎಷ್ಟೋ ದೋಣಿಯಲ್ಲಿ ಅದೇ ಇರುವುದು. ಇವು ಯಾವುದೂ ಜಾಕೆಟ್ಟಿಗೆ ಬದಲಿ ಅಲ್ಲ. ಎಸೆಯಲು ಯಾರಾದರೂ ದೋಣಿಯಲ್ಲಿ ಉಳಿದಿರಬೇಕಲ್ಲ.

ಬಾಡಿಗೆ ಜಾಕೆಟ್ ಕೈಗೆ ಬಂದಾಗ

ಅರ್ಧ ನಿಮಿಷದ ಕೆಲಸ. ಬಕಲ್‌ಗಳನ್ನು ಹಾಕಿ ಜಗ್ಗಿ ನೋಡಿ. ಹೊಲಿಗೆಯ ಹತ್ತಿರ ಬಟ್ಟೆಯನ್ನು ಉಗುರಿನಿಂದ ಕೆರೆಯಿರಿ, ಬಿಸಿಲಿಗೆ ಸುಟ್ಟದ್ದಾದರೆ ಪುಡಿ ಬರುತ್ತದೆ. ಫೋಮನ್ನು ಹಿಚುಕಿ ಬಿಡಿ, ಮತ್ತೆ ಉಬ್ಬಬೇಕು. ಕೂರಲು ದಿಂಬು ಮಾಡಿಕೊಂಡು ಸವೆಸಿದ್ದು ಉಬ್ಬುವುದಿಲ್ಲ. ಎತ್ತಿದರೆ ಭಾರ ಅನ್ನಿಸಿದರೆ ಒಳಗೆ ನೀರು ಕುಡಿದಿದೆ. ಹಳೇ ಕಾಲದಲ್ಲಿ ಹಾಸಿಗೆಗೆ ತುಂಬುವ ಬೂರುಗದ ಹತ್ತಿಯನ್ನೇ ಜಾಕೆಟ್ಟಿಗೂ ತುಂಬುತ್ತಿದ್ದರು. ಅದರ ಚೀಲ ಹರಿದರೆ ನೀರು ಕುಡಿದು ಭಾರ ಆಗುತ್ತಿತ್ತು. ಈಗಿನ ಕಳಪೆ ಫೋಮೂ ಅದಕ್ಕಿಂತ ದೂರ ಏನಿಲ್ಲ. ಸರಿ ಇಲ್ಲದಿದ್ದರೆ ಬೇರೆ ಕೇಳಿ. ಕೊಡದಿದ್ದರೆ ಇಳಿದುಬಿಡಿ. ನಾವು ಅವತ್ತು ಇಳಿಯಲಿಲ್ಲ. ನೆಂಟರ ಮುಂದೆ ಸಂಕೋಚ.

ಕೊನೆಗೆ ನಾವು ಕೊಂಡದ್ದು ಎರಡು. ಮಗಳಿಗೆ ಕಾಲರಿನ ಫೋಮ್ ಜಾಕೆಟ್, ಅವಳ ಇವತ್ತಿನ ತೂಕದ್ದು. ಭಾವನಿಗೆ ಕೈಯಿಂದ ದಾರವನ್ನೂ ಎಳೆಯಬಹುದಾದ, ತಾನಾಗಿಯೂ ಉಬ್ಬುವ ಗಾಳಿಯದು, ಜೊತೆಗೆ ಎರಡು ಬದಲಿ ಕಿಟ್. ಅಳಿವೆ ದಾಟುವಾಗ ಹಾಕುತ್ತೇನೆ ಅಂದಿದ್ದಾರೆ. ಅವರು ಬಂದ ಮೇಲೆ ಅಕ್ಕ ಅದನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಜಗಲಿಯ ನೆರಳಿನಲ್ಲಿ ತೂಗುಹಾಕುತ್ತಾಳೆ. ಒರೆಸುವ ಮೊದಲು ಬೆಲ್ಟನ್ನು ಮೂಸಿ ನೋಡುತ್ತಾಳೆ. ಬೆವರಿನ ವಾಸನೆ ಬಂದರೆ ಮೀನಿನ ಸಾರು ಬಿಸಿ ಮಾಡುತ್ತಾಳೆ. ಬರದಿದ್ದರೆ ಭಾವ ತಣ್ಣಗಿನ ಸಾರಿನಲ್ಲೇ ಉಣ್ಣಬೇಕು.